ಮಂದ ಗಾಳಿಯನ್ನು ಸರಿಯಾಗಿ ಅಳೆಯುವ ಕ್ರಮ

ಕಲಬುರಗಿ, ಬೀದರ್, ಯಾದಗಿರಿಯವರಿಗೆ ಕೈಟ್‌ಸರ್ಫಿಂಗ್ ಎಂದರೆ ರಾಮೇಶ್ವರದವರೆಗೋ ಗೋವೆಯವರೆಗೋ ಹೋಗಿ ಆಡಬೇಕಾದ ಆಟ. ದೊಡ್ಡ ಕೈಟಿನ ಎಳೆತಕ್ಕೆ ಮೈಯೊಡ್ಡಿ ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವುದನ್ನು ಅಲ್ಲಿಯೇ, ತರಬೇತುದಾರರ ಎದುರಿನಲ್ಲಿಯೇ ಕಲಿಯಬೇಕು. ಆದರೆ ಕೈಟ್ ಆಡಿಸುವ ಕೈಹಿಡಿತವನ್ನೂ, ಅದಕ್ಕಿಂತ ಮುಖ್ಯವಾಗಿ ಗಾಳಿಯನ್ನು ಅಳೆದು ನೋಡುವ ಅಭ್ಯಾಸವನ್ನೂ, ರಾಶಿ ಮುಗಿದು ಬಯಲಾದ ಎರೆಹೊಲದಲ್ಲಿ ಎರಡು ಮೂರು ಚದರ ಮೀಟರಿನ ತರಬೇತಿ ಕೈಟ್ ಇಟ್ಟುಕೊಂಡು ಇಲ್ಲಿಯೇ ಬೆಳೆಸಿಕೊಳ್ಳಬಹುದು. ಅಳತೆಯ ಮಟ್ಟಿಗಂತೂ ಸಮುದ್ರದಂಡೆಗಿಂತ ನಮ್ಮ ಬಯಲೇ ಕಷ್ಟದ ಜಾಗ. ಬಿಸಿಲಿಗೆ ಕಾದ ಕಪ್ಪು ಮಣ್ಣಿನ ಮೇಲೆ ಗಾಳಿ ಗಳಿಗೆಗೊಂದು ರೀತಿ ಬೀಸುವುದರಿಂದ, ಇಲ್ಲಿ ನಂಬಬಹುದಾದ ಅಂಕಿಯನ್ನು ಪಡೆಯಲು ಕಲಿತವರಿಗೆ ದಂಡೆಯಲ್ಲಿ ಹೊಸದಾಗಿ ಕಲಿಯಬೇಕಾದುದು ಹೆಚ್ಚೇನೂ ಉಳಿಯುವುದಿಲ್ಲ.

ಮಂದ ಗಾಳಿ ಎಂದು ಇಲ್ಲಿ ಕರೆದಿರುವುದು ಸುಮಾರು 6ರಿಂದ 12 ನಾಟ್ ವೇಗದ ಗಾಳಿಯನ್ನು. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್; ಆದ್ದರಿಂದ ಇದು ಗಂಟೆಗೆ 11ರಿಂದ 22 ಕಿಲೋಮೀಟರ್ ಆಯಿತು. ಸೆಕೆಂಡಿಗೆ ಇಷ್ಟು ಮೀಟರ್ ಎಂದು ತೋರಿಸುವ ಮಾಪಕವಾದರೆ ಅಂಕಿಯನ್ನು ದುಪ್ಪಟ್ಟು ಮಾಡಿದರೆ ಹೆಚ್ಚು ಕಡಿಮೆ ನಾಟ್ ಸಿಗುತ್ತದೆ (ನಿಖರವಾಗಿ 1.94 ಪಟ್ಟು). ಮಾಪಕ, ಮೊಬೈಲಿನ ಹವಾಮಾನ ಆ್ಯಪ್, ಬರೆದಿಡುವ ವಹಿ ಮೂರರಲ್ಲೂ ಒಂದೇ ಮಾನವನ್ನು ಇಟ್ಟುಕೊಳ್ಳುವುದು ಮೊದಲ ಕೆಲಸ.

ಒಂದು ನಾಟ್ ವ್ಯತ್ಯಾಸದ ಬೆಲೆ

ಗಾಳಿ ಕೈಟಿನ ಮೇಲೆ ಹಾಕುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 8 ನಾಟ್ ಇದ್ದ ಗಾಳಿ 10 ನಾಟ್ ಆದರೆ ಬಲವು 64ಕ್ಕೆ 100ರಂತೆ, ಎಂದರೆ ಅರ್ಧಕ್ಕಿಂತಲೂ ಹೆಚ್ಚು ಏರುತ್ತದೆ. ಮಾಪಕ ಒಂದು ನಾಟ್ ಹೆಚ್ಚು ತೋರಿಸಿತು ಎಂದುಕೊಳ್ಳಿ: 20 ನಾಟ್ ಗಾಳಿಯಲ್ಲಿ ಆ ದೋಷದಿಂದ ಬಲದ ಲೆಕ್ಕ ಶೇಕಡಾ 10ರಷ್ಟು ತಪ್ಪುತ್ತದೆ, ಆಟ ನಡೆಯುತ್ತದೆ. 8 ನಾಟ್ ಗಾಳಿಯಲ್ಲಿ ಅದೇ ದೋಷದಿಂದ ನೀವು ಎಣಿಸಿದ ಬಲದ ಐದನೇ ಒಂದು ಪಾಲು ಇರುವುದೇ ಇಲ್ಲ. ಕೈಟ್ ಮೇಲೇರದೆ ನೆಲಕ್ಕೋ ನೀರಿಗೋ ಕೂರುತ್ತದೆ. ಜೋರು ಗಾಳಿಯ ಆಟಗಾರರು ಅಳತೆಯನ್ನು ಕಣ್ಣಂದಾಜಿನಲ್ಲಿ ಮುಗಿಸುವುದಕ್ಕೂ, ಮಂದ ಗಾಳಿಯಲ್ಲಿ ಆಡುವವರು ಅದನ್ನು ಇಷ್ಟು ಹಚ್ಚಿಕೊಳ್ಳುವುದಕ್ಕೂ ಕಾರಣ ಇದೇ.

ಕೈಟಿನ ಗಾತ್ರವನ್ನು ಆರಿಸಲು ಆಟಗಾರರು ಬಳಸುವ ಒಂದು ಅಂದಾಜು ಸೂತ್ರವಿದೆ. ಕಿಲೋಗ್ರಾಂನಲ್ಲಿ ತಮ್ಮ ತೂಕವನ್ನು 2.2ರಿಂದ ಗುಣಿಸಿ, ಬಂದುದನ್ನು ನಾಟ್‌ನಲ್ಲಿರುವ ಗಾಳಿಯ ವೇಗದಿಂದ ಭಾಗಿಸಿದರೆ ಬೇಕಾದ ಚದರ ಮೀಟರ್ ಸಿಗುತ್ತದೆ. 75 ಕಿಲೋ ತೂಕದವರಿಗೆ 12 ನಾಟ್ ಗಾಳಿಯಲ್ಲಿ ಸುಮಾರು 14 ಚದರ ಮೀಟರ್, 10 ನಾಟ್‌ನಲ್ಲಿ ಹದಿನಾರೂವರೆ. ನೀರಿನಡಿಯಲ್ಲಿ ರೆಕ್ಕೆಯಿರುವ ಫಾಯಿಲ್ ಹಲಗೆಯವರಿಗೆ ಇದಕ್ಕಿಂತ ಚಿಕ್ಕ ಕೈಟ್ ಸಾಕಾಗುತ್ತದೆ. ಸೂತ್ರ ಒರಟಾದುದೇ ಹೌದು. ಆದರೂ ಎರಡು ನಾಟ್ ತಪ್ಪಿದರೆ ಬೇರೆ ಕೈಟನ್ನೇ ಚೀಲದಿಂದ ತೆಗೆಯಬೇಕಾಗುತ್ತದೆ ಎಂಬುದು ಅದರಿಂದ ಸ್ಪಷ್ಟವಾಗುತ್ತದೆ.

ಯಾವ ಮಾಪಕ

ಕೈಯಲ್ಲಿ ಹಿಡಿಯುವ ಗಾಳಿಮಾಪಕಗಳಲ್ಲಿ ಸಾಮಾನ್ಯವಾಗಿ ಸಿಗುವುದು ಸಣ್ಣ ಫ್ಯಾನಿನಂತೆ ತಿರುಗುವ ಮಾಪಕ. ಗಾಳಿಗೆ ನೇರವಾಗಿ ಮುಖ ಮಾಡಿ ಹಿಡಿದರೆ ಅದು ಸರಿಯಾಗಿ ತೋರಿಸುತ್ತದೆ; ಓರೆ ಹೆಚ್ಚಿದಂತೆ ಅಂಕಿ ಇಳಿಯುತ್ತದೆ. ಎರಡನೆಯದು ಬಟ್ಟಲುಗಳ ಮಾಪಕ. ಐರ್ಲೆಂಡಿನ ಖಗೋಳ ವಿಜ್ಞಾನಿ ಥಾಮಸ್ ರೋಮ್ನಿ ರಾಬಿನ್ಸನ್ 1846ರಲ್ಲಿ ರೂಪಿಸಿದ ಈ ಬಗೆಯನ್ನು ಹವಾಮಾನ ಕೇಂದ್ರಗಳಲ್ಲಿ ಇಂದಿಗೂ ಕಾಣಬಹುದು. ಗಾಳಿ ಯಾವ ದಿಕ್ಕಿನಿಂದ ಬಂದರೂ ಅದು ತಿರುಗುತ್ತದೆ ಎಂಬುದು ಅದರ ಅನುಕೂಲ. ಆದರೆ ಬಟ್ಟಲುಗಳು ಗಾಳಿ ಏರಿದಾಗ ಬೇಗನೆ ವೇಗ ಪಡೆದು, ಗಾಳಿ ಇಳಿದಾಗ ನಿಧಾನವಾಗಿ ವೇಗ ಕಳೆದುಕೊಳ್ಳುವುದರಿಂದ, ಏರಿಳಿತದ ಗಾಳಿಯಲ್ಲಿ ಸರಾಸರಿ ಅಂಕಿ ಇದ್ದುದಕ್ಕಿಂತ ತುಸು ಹೆಚ್ಚಾಗಿಯೇ ಬರುತ್ತದೆ. ತಿರುಗುವ ಭಾಗವೇ ಇಲ್ಲದ, ಶಬ್ದತರಂಗದಿಂದ ಅಳೆಯುವ ಮಾಪಕ ಮಂದ ಗಾಳಿಗೆ ಎಲ್ಲಕ್ಕಿಂತ ಒಳ್ಳೆಯದು, ಬೆಲೆಯೂ ಎಲ್ಲಕ್ಕಿಂತ ಹೆಚ್ಚು. ಹೊಸಬರಿಗೆ ಫ್ಯಾನಿನ ಮಾಪಕವೇ ಸಾಕು ಎಂಬುದು ನನ್ನ ಅಭಿಪ್ರಾಯ. ಕೊಳ್ಳುವಾಗ ಮಾತ್ರ ಅದರಲ್ಲಿ ಸರಾಸರಿ ತೋರಿಸುವ ಸೌಲಭ್ಯ ಇದೆಯೇ ಎಂದು ನೋಡಿಕೊಳ್ಳಬೇಕು. ಆ ಕ್ಷಣದ ವೇಗವನ್ನಷ್ಟೇ ತೋರಿಸುವ ಮಾಪಕದಿಂದ ನಮಗೆ ಆಗುವ ಉಪಯೋಗ ಕಡಿಮೆ.

ತಿರುಗುವ ಯಾವ ಮಾಪಕಕ್ಕೂ ಒಂದು ಕನಿಷ್ಠ ಮಿತಿ ಇರುತ್ತದೆ. ಬೇರಿಂಗಿನ ಘರ್ಷಣೆಯನ್ನು ಗೆಲ್ಲುವಷ್ಟು ಗಾಳಿ ಬರುವವರೆಗೂ ಅದು ಸೊನ್ನೆಯನ್ನೇ ತೋರಿಸುತ್ತದೆ. ನಮ್ಮ ಕಡೆ ಬೇಸಿಗೆಯ ಧೂಳು ಈ ಮಿತಿಯನ್ನು ಮೆಲ್ಲಗೆ ಮೇಲಕ್ಕೆ ತಳ್ಳುತ್ತದೆ. ಎರೆಮಣ್ಣಿನ ಧೂಳು ಹಿಟ್ಟಿನಷ್ಟು ನುಣುಪು. ಬೇರಿಂಗಿನೊಳಗೆ ಹೊಕ್ಕು ತೇವ ತಗುಲಿದರೆ ಅಲ್ಲೇ ಹತ್ತಿಕೊಳ್ಳುತ್ತದೆ. ಬಾಯಿಂದ ಮೆಲ್ಲಗೆ ಊದಿದಾಗ ಫ್ಯಾನ್ ಸರಾಗವಾಗಿ ತಿರುಗಿ ನಿಧಾನವಾಗಿ ನಿಂತರೆ ಬೇರಿಂಗ್ ಚೆನ್ನಾಗಿದೆ. ತಟ್ಟನೆ ನಿಂತರೆ ಒಳಗೆ ಧೂಳು ಸೇರಿದೆ. ಎಣ್ಣೆ ಬಿಡಬಾರದು, ಅದು ಇನ್ನಷ್ಟು ಧೂಳನ್ನು ಹಿಡಿಯುತ್ತದೆ. ಫ್ಯಾನಿನ ಭಾಗವನ್ನು ಬದಲಿಸಲು ಬರುವ ಮಾಪಕವಾದರೆ ಹೊಸದನ್ನು ಹಾಕುವುದೇ ಸರಿ.

ನಿಲ್ಲುವ ಜಾಗ

ಅಳತೆ ಕೆಡುವುದು ಬಹುತೇಕ ಇಲ್ಲಿಯೇ. ಗಾಳಿ ಬರುವ ದಿಕ್ಕಿನಲ್ಲಿ ಮರ, ಮನೆ, ಬಣವೆ ಏನಿದ್ದರೂ, ಅದರ ಎತ್ತರದ ಕನಿಷ್ಠ 10 ಪಟ್ಟು ದೂರದಲ್ಲಿ ನಿಲ್ಲಬೇಕೆಂಬುದು ಹವಾಮಾನ ಕೇಂದ್ರಗಳನ್ನು ಸ್ಥಾಪಿಸುವಾಗ ಪಾಲಿಸುವ ನಿಯಮ. ಬದುವಿನ ಮೇಲೆ 4 ಮೀಟರ್ ಬೆಳೆದ ಜಾಲಿಯ ಸಾಲಿದ್ದರೆ 40 ಮೀಟರ್, 12 ಮೀಟರಿನ ಬೇವಿನ ಮರವಿದ್ದರೆ 120 ಮೀಟರ್ ಆಚೆ ಹೋಗಬೇಕು. ಕೈಟ್ ಹಾರಿಸಲು ಇಷ್ಟೂ ಸಾಲದು; ಮರದ ಹಿಂದಿನ ಗಾಳಿ ವೇಗ ಕಳೆದುಕೊಂಡಿರುವುದಷ್ಟೇ ಅಲ್ಲ, ಸುಳಿ ಸುತ್ತಿಕೊಂಡೂ ಇರುತ್ತದೆ.

ಆಳೆತ್ತರಕ್ಕೆ ನಿಂತ ತೊಗರಿಯ ಹೊಲದ ಅಂಚಿನಲ್ಲಿ ಅಳೆದ ಅಂಕಿಗೆ ಅರ್ಥವೇ ಇರುವುದಿಲ್ಲ, ಏಕೆಂದರೆ ಮಾಪಕ ಇರುವ ಎತ್ತರದಲ್ಲಿ ಬೀಸುವ ಗಾಳಿ ಬೆಳೆಯೊಳಗೆ ತೂರಿ ಬಂದದ್ದಾಗಿರುತ್ತದೆ. ತೊಗರಿ ಕೊಯ್ದ ಮೇಲೆ, ಜೋಳ ಕಡಲೆಗಳ ರಾಶಿಯೂ ಮುಗಿದ ಮೇಲೆ, ಫೆಬ್ರವರಿ ಮಾರ್ಚಿನಿಂದ ಬಿತ್ತನೆಯವರೆಗೆ ಹೊಲಗಳು ಬಯಲಾಗಿರುವ ಕಾಲವೇ ಅಭ್ಯಾಸಕ್ಕೆ ಒಳ್ಳೆಯದು. ಹೊಲದವರನ್ನು ಕೇಳಿಯೇ ಇಳಿಯಬೇಕೆಂದು ಬೇರೆ ಹೇಳಬೇಕಾಗಿಲ್ಲ. ಪಂಪ್‌ಸೆಟ್ಟಿಗೆ ಹೋಗುವ ವಿದ್ಯುತ್ ತಂತಿ ಎಲ್ಲಿ ಹಾದಿದೆ ಎಂಬುದನ್ನು ಮೊದಲು ನೋಡಿಕೊಂಡು, ಕೈಟಿನ ದಾರದ ಉದ್ದಕ್ಕಿಂತ ಬಹಳ ಆಚೆ ಇರುವ ಜಾಗವನ್ನೇ ಹಿಡಿಯಬೇಕು. ಬೀದರಿನ ವಾಯುಪಡೆ ನೆಲೆ ಮತ್ತು ಕಲಬುರಗಿಯ ವಿಮಾನ ನಿಲ್ದಾಣದ ಸುತ್ತಮುತ್ತ ಕೈಟ್ ಹಾರಿಸುವ ಯೋಚನೆಯನ್ನೇ ಬಿಡಬೇಕು.

ಜಲಾಶಯಗಳ ವಿಷಯ ಬೇರೆ. ಕಾರಂಜಾ, ಬೆಣ್ಣೆತೊರಾ, ನಾರಾಯಣಪುರದ ಬಸವಸಾಗರ ಇವುಗಳ ಅಗಲವಾದ ನೀರಿನ ಹರವನ್ನು ನೋಡಿದವರಿಗೆ ಆಸೆಯಾಗುವುದು ಸಹಜ. ಆದರೆ ಅವು ಅಣೆಕಟ್ಟುಗಳು, ಅನುಮತಿಯಿಲ್ಲದೆ ನೀರಿಗಿಳಿಯುವಂತಿಲ್ಲ, ಮೀನಿನ ಬಲೆಗಳೂ ಇರುತ್ತವೆ. ಗಾಳಿಯನ್ನು ಅರಿಯಲೆಂದು ದಡದಲ್ಲಿ ಅಳೆಯುವುದಾದರೂ ಏರಿಯ ಮೇಲೆ ನಿಂತು ಅಳೆಯಬೇಡಿ. ಗಾಳಿ ಏರಿಯ ಇಳಿಜಾರನ್ನು ಹತ್ತುವಾಗ ಇಕ್ಕಟ್ಟಾಗಿ, ನೆತ್ತಿಯ ಮೇಲೆ ವೇಗ ಹೆಚ್ಚಿಸಿಕೊಳ್ಳುತ್ತದೆ. ಅಲ್ಲಿನ ಅಂಕಿ ನೀರಿನ ಮೇಲಿನ ಗಾಳಿಗಿಂತ ಹೆಚ್ಚಾಗಿಯೇ ಬರುತ್ತದೆ. ಏರಿಯ ಹಿಂಬದಿಗೆ ಇಳಿದರೆ ಅದಕ್ಕೆ ತದ್ವಿರುದ್ಧವಾಗಿ ಗಾಳಿಯೇ ಇಲ್ಲವೆಂದು ತೋರುತ್ತದೆ. ನೀರಿನ ಕಡೆಯಿಂದ ಗಾಳಿ ಬರುತ್ತಿರುವ, ತಗ್ಗಾದ, ಬಯಲಾದ ದಡವೇ ಸರಿಯಾದ ಜಾಗ. ಕಲಬುರಗಿ ಊರೊಳಗಿನ ಅಪ್ಪನ ಕೆರೆಯ ಸುತ್ತ ಕಟ್ಟಡಗಳೂ ಮರಗಳೂ ಇರುವುದರಿಂದ ಅಲ್ಲಿಯ ಅಳತೆ ಸಂಜೆಯ ತಿರುಗಾಟಕ್ಕಷ್ಟೇ ಉಪಯೋಗ.

ಹಿಡಿಯುವ ರೀತಿ ಮತ್ತು ಕಾಯುವ ಹೊತ್ತು

ಮೊದಲು ಗಾಳಿಯ ದಿಕ್ಕನ್ನು ಖಚಿತಪಡಿಸಿಕೊಳ್ಳಬೇಕು. ಒಂದು ಹಿಡಿ ಒಣಹೊಟ್ಟನ್ನೋ ಧೂಳನ್ನೋ ತಲೆಯೆತ್ತರದಿಂದ ಬಿಟ್ಟು ನೋಡುವುದು, ರಾಶಿ ತೂರುವವರು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದು, ಇಂದಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಅನಂತರ ಗಾಳಿ ನಿಮ್ಮ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹಾಯುವಂತೆ ನಿಂತು, ಕೈಯನ್ನು ಮುಂದಕ್ಕೆ ಪೂರ್ತಿ ಚಾಚಿ, ತಲೆಗಿಂತ ಮೇಲೆ ಮಾಪಕವನ್ನು ಹಿಡಿಯಬೇಕು. ಫ್ಯಾನಿನ ಮುಖ ಗಾಳಿಯ ಕಡೆಗಿರಲಿ. ಗಾಳಿಗೆ ಎದೆಕೊಟ್ಟು ನಿಂತು ಮಾಪಕವನ್ನು ಎದೆಯ ಮುಂದೆ ಹಿಡಿದರೆ, ಮೈಗೆ ಬಡಿಯುವ ಮೊದಲೇ ನಿಧಾನಗೊಂಡ ಗಾಳಿಯನ್ನು ಅಳೆದಂತಾಗುತ್ತದೆ. ಜೀಪು, ಮೋಟಾರ್‌ಸೈಕಲ್, ನೋಡಲು ಬಂದ ಗೆಳೆಯರು ಎಲ್ಲರೂ ಗಾಳಿಯ ಹಾದಿಯಿಂದ ಪಕ್ಕಕ್ಕಿರಲಿ. ಕೈ ನಡುಗದೆ ಹತ್ತು ನಿಮಿಷ ಚಾಚಿ ಹಿಡಿಯುವುದು ಯಾರಿಗೂ ಆಗುವ ಮಾತಲ್ಲ. ಎರಡು ಮೀಟರ್ ಎತ್ತರಕ್ಕೆ ನಿಲ್ಲುವ ಕೋಲಿಗೆ ಕಟ್ಟಿ, ಹಿಂದೆ ಬಾಲವಿರುವ, ಗಾಳಿಗೆ ತಾನೇ ತಿರುಗಿಕೊಳ್ಳುವ ಆಧಾರ ಸಿಕ್ಕರೆ ಅದರ ಮೇಲೆ ಕೂರಿಸಿದರೆ ಒಳ್ಳೆಯದು.

ಹತ್ತು ನಿಮಿಷ ಎಂದದ್ದಕ್ಕೆ ಕಾರಣವಿದೆ. ವಿಶ್ವ ಹವಾಮಾನ ಸಂಸ್ಥೆಯ ಪದ್ಧತಿಯಂತೆ ಗಾಳಿಯ ವೇಗ ಎಂದರೆ 10 ನಿಮಿಷಗಳ ಸರಾಸರಿ; ಬೀಸು ಎಂದರೆ 3 ಸೆಕೆಂಡುಗಳ ಸರಾಸರಿಯಲ್ಲಿ ಕಂಡ ಗರಿಷ್ಠ ವೇಗ. ಮಾರ್ಚಿನಿಂದಾಚೆ ಮಧ್ಯಾಹ್ನದ ಹೊತ್ತಿನಲ್ಲಿ ನೆಲ ಕಾದು, ಬಿಸಿಗಾಳಿ ಗುಳ್ಳೆಗಳಂತೆ ಮೇಲೇರುತ್ತ, ಅದರ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುತ್ತ ಇರುವಾಗ, ಒಂದು ಏರಿಳಿತ ಮುಗಿಯಲು ಹಲವು ನಿಮಿಷಗಳೇ ಬೇಕು. ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ: ಮಾಪಕ ಮೊದಲೆರಡು ನಿಮಿಷ 6, 7 ಎಂದು ತೋರಿಸುತ್ತದೆ, ಆಮೇಲೆ 3ಕ್ಕೆ ಇಳಿದು, ಫ್ಯಾನ್ ಬಹುತೇಕ ನಿಂತೇ ಬಿಡುತ್ತದೆ, ನಾಲ್ಕನೆಯ ನಿಮಿಷಕ್ಕೆ ದಿಕ್ಕು ಸ್ವಲ್ಪ ತಿರುಗಿ 11ಕ್ಕೆ ಏರುತ್ತದೆ, ಮತ್ತೆ 8ಕ್ಕೆ ಬಂದು ನಿಲ್ಲುತ್ತದೆ. ಮೊದಲ ನಿಮಿಷವನ್ನಷ್ಟೇ ನೋಡಿದವರು ಏಳು ಎನ್ನುತ್ತಾರೆ, ನಾಲ್ಕನೆಯ ನಿಮಿಷಕ್ಕೆ ಬಂದವರು ಹನ್ನೊಂದು ಎನ್ನುತ್ತಾರೆ. ಹತ್ತು ನಿಮಿಷ ಕಾದವರಿಗೆ ಸರಾಸರಿ 7, ಗರಿಷ್ಠ 11, ಕನಿಷ್ಠ 3 ಎಂಬ ಮೂರು ಅಂಕಿಗಳು ಸಿಗುತ್ತವೆ, ಮತ್ತು ಮೂರೂ ಬೇಕು.

ಗರಿಷ್ಠವನ್ನು ಸರಾಸರಿಯಿಂದ ಭಾಗಿಸಿ ನೋಡಿ. ಸಮುದ್ರದ ಮೇಲಿಂದ ನೇರವಾಗಿ ಬರುವ ಗಾಳಿಯಲ್ಲಿ ಇದು ಸಾಮಾನ್ಯವಾಗಿ 1.3ರ ಆಸುಪಾಸು ಇರುತ್ತದೆ. ಮೇಲಿನ ಉದಾಹರಣೆಯಲ್ಲಿ ಸುಮಾರು 1.6. ಈ ಅನುಪಾತ 1.5 ದಾಟಿದರೆ ಸರಾಸರಿ ಎಷ್ಟೇ ಚೆನ್ನಾಗಿದ್ದರೂ ದೊಡ್ಡ ಕೈಟನ್ನು ಬಿಚ್ಚದಿರುವುದೇ ಒಳ್ಳೆಯದೆಂದು ನನಗೆ ಅನಿಸುತ್ತದೆ. ಇನ್ನು ಮಂದ ಗಾಳಿಯಲ್ಲಿ ಎಲ್ಲರೂ ಮರೆಯುವುದು ಕನಿಷ್ಠದ ಅಂಕಿಯನ್ನು. ಇಲ್ಲಿ ಕೈಟ್ ಬೀಳುವುದು ಬೀಸಿನಿಂದಲ್ಲ, ಬೀಸುಗಳ ನಡುವಿನ ಬಿಡುವಿನಿಂದ. ಸರಾಸರಿ 9 ಇದ್ದು ಕನಿಷ್ಠ 7 ಇರುವ ಗಾಳಿ, ಸರಾಸರಿ 10 ಇದ್ದು ಕನಿಷ್ಠ 4ಕ್ಕೆ ಇಳಿಯುವ ಗಾಳಿಗಿಂತ ಎಷ್ಟೋ ಮೇಲು. ಆದ್ದರಿಂದ ಹಾರಿಸಲು ಆಗುತ್ತದೆಯೇ ಎಂಬುದನ್ನು ಕನಿಷ್ಠದಿಂದಲೂ, ಹಾರಿಸಿದರೆ ಅಪಾಯವಿದೆಯೇ ಎಂಬುದನ್ನು ಗರಿಷ್ಠದಿಂದಲೂ ನಿರ್ಧರಿಸಬೇಕು. ಸರಾಸರಿಯ ಅಂಕಿ ಇರುವುದು ಕೈಟಿನ ಗಾತ್ರವನ್ನು ಆರಿಸಲು ಮಾತ್ರ.

ಕೈಯೆತ್ತರ, ಕೈಟಿನ ಎತ್ತರ

ನೆಲಕ್ಕೆ ಹತ್ತಿರದ ಗಾಳಿ ನೆಲಕ್ಕೆ ಉಜ್ಜಿ ನಿಧಾನವಾಗುತ್ತದೆ, ಮೇಲೆ ಹೋದಂತೆ ವೇಗ ಹೆಚ್ಚುತ್ತದೆ. ಕೈಟಿನ ದಾರ ಸಾಮಾನ್ಯವಾಗಿ 20ರಿಂದ 24 ಮೀಟರ್ ಉದ್ದ. ಮಾಪಕ ಇರುವುದು 2 ಮೀಟರ್ ಎತ್ತರದಲ್ಲಿ. ಹಗಲಿನಲ್ಲಿ ಗಾಳಿ ಚೆನ್ನಾಗಿ ಬೆರೆತು ಬೀಸುತ್ತಿರುವಾಗ, ರಾಶಿ ಮುಗಿದ ಹೊಲದ ಮೇಲೆ 20 ಮೀಟರ್ ಎತ್ತರದ ವೇಗ 2 ಮೀಟರಿನ ವೇಗಕ್ಕಿಂತ 1.4ರಿಂದ 1.5 ಪಟ್ಟು ಇರುತ್ತದೆಂದು ಲೆಕ್ಕ ಹಾಕಬಹುದು. ನೀರು ನುಣುಪಾದ್ದರಿಂದ ಅದರ ಮೇಲೆ ಇದು ಸುಮಾರು 1.25 ಪಟ್ಟು ಮಾತ್ರ. ಎಂದರೆ ಕೈಯಲ್ಲಿ 7 ನಾಟ್ ತೋರಿಸುವ ಗಾಳಿ ಹೊಲದಲ್ಲಿ ಕೈಟಿಗೆ ಸುಮಾರು 10 ನಾಟ್ ಆಗಿಯೂ, ಅದೇ 7 ನಾಟ್ ನೀರಿನ ಅಂಚಿನಲ್ಲಿ ಅಳೆದದ್ದಾದರೆ 9 ನಾಟ್‌ಗೂ ಕಡಿಮೆಯಾಗಿಯೂ ಸಿಗುತ್ತದೆ. ಊರ ಹೊಲದಲ್ಲಿ ‘ಏಳಕ್ಕೆ ಹಾರಿತು’ ಎಂಬ ಅನುಭವವನ್ನು ಹಾಗೆಯೇ ಸಮುದ್ರಕ್ಕೆ ಒಯ್ದವರು ಅಲ್ಲಿ ಕೈಟ್ ಏಳದಿರುವುದನ್ನು ಕಂಡು ತಬ್ಬಿಬ್ಬಾಗುವುದು ಇದರಿಂದಲೇ.

ಈ ಲೆಕ್ಕ ತಲೆಕೆಳಗಾಗುವ ಹೊತ್ತೂ ಒಂದಿದೆ. ಚಳಿಗಾಲದಲ್ಲಿ ರಾತ್ರಿಯಿಡೀ ನೆಲ ತಣ್ಣಗಾಗಿ, ತಂಪು ಗಾಳಿಯ ತೆಳು ಪದರ ನೆಲಕ್ಕೆ ಅಂಟಿಕೊಂಡಿರುತ್ತದೆ. ಮೇಲಿನ ಗಾಳಿ ಅದರ ಬೆನ್ನ ಮೇಲೆ ಜಾರಿ ಹೋಗುತ್ತದೆಯೇ ಹೊರತು ಕೆಳಗಿಳಿಯುವುದಿಲ್ಲ. ಬೆಳಗಿನ ಏಳು ಗಂಟೆಗೆ ಮಾಪಕ 2 ನಾಟ್ ಎಂದರೂ 20 ಮೀಟರ್ ಮೇಲೆ ಅದರ ಹಲವು ಪಟ್ಟು ಗಾಳಿ ಇರಬಹುದು. ಬಿಸಿಲೇರಿ ಈ ಪದರ ಒಡೆದಾಗ ನೆಲದ ಗಾಳಿ ಇದ್ದಕ್ಕಿದ್ದಂತೆ ಹೆಚ್ಚುತ್ತದೆ. ಆ ಬದಲಾವಣೆ ಮುಗಿದು ಅರ್ಧ ಗಂಟೆಯಾದ ಮೇಲೆ ಅಳೆದರೆ ಅಂಕಿಗೆ ಬೆಲೆ ಇರುತ್ತದೆ. ಮೇಲಿನ ಗಾಳಿಯನ್ನು ಕಣ್ಣಾರೆ ನೋಡಬೇಕೆಂದರೆ ಸಂಕ್ರಾಂತಿಗೆ ಹಾರಿಸುವ ಕಾಗದದ ಪತಂಗಕ್ಕಿಂತ ಅಗ್ಗದ ಸಾಧನ ಬೇರೆ ಇಲ್ಲ. ಮಾಂಜಾ ಹಚ್ಚದ ಹತ್ತಿಯ ದಾರದಲ್ಲಿ 20 ಮೀಟರ್ ಬಿಟ್ಟು, ಯಾವ ಎತ್ತರದಲ್ಲಿ ಅದು ಜಗ್ಗಲು ಶುರುಮಾಡುತ್ತದೆ ಎಂದು ಗಮನಿಸಿದರೆ ಸಾಕು. ಅಂಕಿ ಸಿಗದು, ಆದರೆ ಕೈಯ ಮಾಪಕ ಹೇಳುತ್ತಿರುವುದು ಮೇಲಿನ ಸುದ್ದಿಯೇ ಅಲ್ಲವೇ ಎಂಬುದು ತಿಳಿಯುತ್ತದೆ.

ಗಾಳಿಯ ಸಾಂದ್ರತೆಯನ್ನೂ ಕೆಲವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಇಲ್ಲಿ 40 ಡಿಗ್ರಿ ಬಿಸಿಲಿನಲ್ಲಿ ಗಾಳಿಯ ಸಾಂದ್ರತೆ, 30 ಡಿಗ್ರಿ ಇರುವ ಸಮುದ್ರದಂಡೆಗಿಂತ ಶೇಕಡಾ 8ರಷ್ಟು ಕಡಿಮೆ. ಬೀದರ್ ಇನ್ನೂ ಎತ್ತರದಲ್ಲಿರುವುದರಿಂದ ಅಲ್ಲಿ ಮತ್ತೆರಡು ಶೇಕಡಾ ಕಡಿಮೆ. ಫ್ಯಾನಿನ ಮಾಪಕ ಅಳೆಯುವುದು ವೇಗವನ್ನು, ಬಲವನ್ನಲ್ಲ. ಆದ್ದರಿಂದ ಈ ಕೊರತೆ ಅದರಲ್ಲಿ ಕಾಣುವುದಿಲ್ಲ. ಕಲಬುರಗಿಯ ಮೇ ತಿಂಗಳ 10 ನಾಟ್ ಗಾಳಿಯ ಬಲ ದಂಡೆಯ ಒಂಬತ್ತೂವರೆ ನಾಟ್‌ಗೆ ಸಮ ಎಂದುಕೊಂಡರೆ ಲೆಕ್ಕ ಸರಿಹೋಗುತ್ತದೆ. ಚಳಿಗಾಲದ ಬೆಳಗಿನ 15 ಡಿಗ್ರಿಯಲ್ಲಿ ಈ ವ್ಯತ್ಯಾಸ ಅಳಿದೇ ಹೋಗುತ್ತದೆ. ಎತ್ತರದ ಲೆಕ್ಕವನ್ನು ಬಿಟ್ಟು ಇದರ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಮಾತ್ರ ಬೇಡ.

ಮಾಪಕದ ಪರೀಕ್ಷೆ, ಮುನ್ಸೂಚನೆಯೊಂದಿಗೆ ತಾಳೆ

ಗಾಳಿಯೇ ಇಲ್ಲದ, ಹೊಗೆ ನೆಟ್ಟಗೆ ಮೇಲೇಳುವ ಮುಂಜಾವಿನಲ್ಲಿ, ವಾಹನ ಓಡಾಡದ ಹೊಸ ಬಡಾವಣೆಯ ನೇರ ರಸ್ತೆಯಲ್ಲಿ ಕಾರನ್ನು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಓಡಿಸಿ. ವೇಗವನ್ನು ಮೊಬೈಲಿನ ಜಿಪಿಎಸ್‌ನಲ್ಲಿ ನೋಡಬೇಕು, ಏಕೆಂದರೆ ವಾಹನದ ಸ್ಪೀಡೋಮೀಟರ್ ಸಾಮಾನ್ಯವಾಗಿ ತುಸು ಹೆಚ್ಚೇ ತೋರಿಸುತ್ತದೆ. ಪಕ್ಕದ ಸೀಟಿನಲ್ಲಿ ಕುಳಿತವರು ಮಾಪಕವನ್ನು ಒಂದು ಮೀಟರ್ ಕೋಲಿಗೆ ಕಟ್ಟಿ, ಕಾರಿನ ಮೈಯಿಂದ ಆದಷ್ಟು ದೂರಕ್ಕೆ ಚಾಚಿ ಹಿಡಿಯಬೇಕು. ಹೋಗುವಾಗಲೂ ಬರುವಾಗಲೂ ಅಳೆದು ಸರಾಸರಿ ತೆಗೆದರೆ, ಇದ್ದಿರಬಹುದಾದ ಅಲ್ಪ ಗಾಳಿಯ ಪರಿಣಾಮ ಕಳೆದುಹೋಗಿ 10.8 ನಾಟ್ ಬರಬೇಕು. ಕಾರಿನ ಮೈ ಗಾಳಿಯನ್ನು ಕದಡುವುದರಿಂದ ಅರ್ಧ ನಾಟ್ ಆಚೀಚೆಯಾದರೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಪ್ರತಿ ಸಲವೂ ಒಂದೇ ಕಡೆಗೆ ಬಂದರೆ ಬೇರಿಂಗನ್ನು ನೋಡಬೇಕು.

ಹವಾಮಾನ ಇಲಾಖೆಯ ಮುನ್ಸೂಚನೆಯಾಗಲಿ ಮೊಬೈಲಿನ ಆ್ಯಪ್‌ಗಳಾಗಲಿ ಹೇಳುವ ಗಾಳಿಯ ವೇಗ ನೆಲದಿಂದ 10 ಮೀಟರ್ ಎತ್ತರದ್ದು. ಅದನ್ನು ಬಯಲು ಹೊಲದಲ್ಲಿ ನಿಮ್ಮ ಕೈಯೆತ್ತರಕ್ಕೆ ಇಳಿಸಬೇಕಾದರೆ ಮುಕ್ಕಾಲು ಪಾಲು ಎಂದು ಹಿಡಿಯಿರಿ: 12 ಕಿಲೋಮೀಟರ್ ಎಂದಿದ್ದರೆ ಕೈಯಲ್ಲಿ 9 ಬಂದರೆ ಮುನ್ಸೂಚನೆ ಸರಿಯಾಗಿಯೇ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳೂ ಗಾಳಿಯನ್ನು ಅಳೆಯುತ್ತವೆ. ಹೋಲಿಸುವ ಮೊದಲು ನಿಮ್ಮ ಹೋಬಳಿಯ ಕೇಂದ್ರ ಕಟ್ಟಡಗಳ ನಡುವೆ ಇದೆಯೋ ಬಯಲಿನಲ್ಲಿದೆಯೋ ಎಂದು ಒಮ್ಮೆ ಹೋಗಿ ನೋಡಿ ಬನ್ನಿ.

ಮಾಪಕವಿಲ್ಲದಾಗ, ಸುತ್ತ ಕಾಣುವುದನ್ನು ನೋಡಿ ಗಾಳಿಯ ವೇಗವನ್ನು ಅಂದಾಜಿಸುವ ಬೋಫರ್ಟ್ ಮಾನದ ಗುರುತುಗಳು ನೆರವಾಗುತ್ತವೆ. ಎಲೆಗಳು ಸರಸರ ಎಂದು ಮುಖಕ್ಕೆ ಗಾಳಿ ತಗುಲಿದರೆ 4ರಿಂದ 6 ನಾಟ್, ಎಲೆ ಮತ್ತು ಸಣ್ಣ ರೆಂಬೆಗಳು ಬಿಡುವಿಲ್ಲದೆ ಆಡುತ್ತ ಹಗುರವಾದ ಬಾವುಟ ಬಿಚ್ಚಿಕೊಂಡರೆ 7ರಿಂದ 10. ಧೂಳು ಎದ್ದರೆ 11ರ ಮೇಲೆ ಎಂಬ ಗುರುತನ್ನು ಮಾತ್ರ ನಮ್ಮ ಬೇಸಿಗೆಯ ಹೊಲದಲ್ಲಿ ನೆಚ್ಚಬಾರದು. ಎತ್ತಿನ ಕಾಲ್ತುಳಿತಕ್ಕೆ ಪುಡಿಯಾದ ಮಣ್ಣು ಅದಕ್ಕೂ ಮೊದಲೇ ಏಳುತ್ತದೆ. ಜಲಾಶಯದ ಅಲೆಯನ್ನು ಸಮುದ್ರದ ಅಲೆಯಂತೆ ಓದಿದರೂ ಮೋಸವಾಗುತ್ತದೆ, ಗಾಳಿಗೆ ಓಡಲು ಅಲ್ಲಿ ಅಷ್ಟು ಉದ್ದದ ನೀರು ಇರುವುದಿಲ್ಲ.

ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಈ ಯಾವ ಅಳತೆಯೂ ಕೆಲಸಕ್ಕೆ ಬಾರದ ಸಂದರ್ಭವೊಂದಿದೆ. ಹೂಕೋಸಿನಂತೆ ಮೇಲೆದ್ದ ಕಪ್ಪು ಮೋಡ ದೂರದಲ್ಲಿ ಕಂಡು, ಮಾಪಕ 6 ನಾಟ್‌ನಿಂದ ಮೆಲ್ಲನೆ ಸೊನ್ನೆಗೆ ಇಳಿದರೆ, ಅದು ಗಾಳಿ ಸತ್ತದ್ದಲ್ಲ. ಮೋಡದೊಳಗಿಂದ ಕುಸಿದ ತಂಪು ಗಾಳಿ ನೆಲಕ್ಕೆ ಬಡಿದು ಹರಡುತ್ತ ಬರುವ ಮುಂಚಿನ ಬಿಡುವು. ಅದು ಬಂದಾಗ ದಿಕ್ಕು ಪೂರ್ತಿ ತಿರುಗಿ, ಕೆಲವೇ ಸೆಕೆಂಡುಗಳಲ್ಲಿ 30 ನಾಟ್ ಮೀರಬಹುದು, ಜೊತೆಗೆ ಸಿಡಿಲೂ ಇರುತ್ತದೆ. ಹತ್ತು ನಿಮಿಷದ ಸರಾಸರಿಗೆ ಕಾಯದೆ, ಮೊದಲ ಗುಡುಗು ಕೇಳುವ ಮುನ್ನವೇ ಕೈಟನ್ನು ಇಳಿಸಿ, ಗಾಳಿ ತೆಗೆದು, ದಾರ ಸುತ್ತಿ, ವಾಹನದೊಳಗೆ ಸೇರಬೇಕು.